ಸೂತಕದ ಹಡಗು ಕಾಯುತ್ತಿದ್ದ ಸುಬ್ಬಣ್ಣ

ನಾನು ಓದು ನಿಲ್ಲಿಸಿದ್ದು ೧೯೮೧ರಲ್ಲಿ, ಏಳನೇ ಕ್ಲಾಸಿನ ಅರ್ಧಕ್ಕೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದು, ಪುರಸೈವಾಕ್ಕಂನಲ್ಲಿ ನಮ್ಮೂರಿನವರ ಹೋಟೆಲಿನಲ್ಲಿ ಏಳು ವರ್ಷ ಹಿಟ್ಟು ರುಬ್ಬಿದೆ. ಆಮೇಲೆ ಬಂದರಿನಲ್ಲಿ ಒಬ್ಬ ಕಂಟ್ರಾಕ್ಟರನ ಲಾಂಚಿಗೆ ಖಲಾಸಿಯಾಗಿ ಸೇರಿದೆ. ಹಗ್ಗ ಎಸೆಯುವುದು, ಹಗ್ಗ ಹಿಡಿಯುವುದು, ಡೆಕ್ಕು ತೊಳೆಯುವುದು. ಕೆಲಸದ ವಿಷಯದಲ್ಲಿ ಯಾರಿಂದಲೂ ಒಂದು ಮಾತು ಹೇಳಿಸಿಕೊಂಡವನಲ್ಲ ನಾನು. ಹೇಳುವ ಹಕ್ಕಿದ್ದದ್ದು ಒಬ್ಬರಿಗೇ, ನಮ್ಮ ಲಾಂಚು ನಡೆಸುವ ತಾಂಡೇಲ ಸುಬ್ಬಣ್ಣನಿಗೆ.

ಕಾಯಬೇಕಾದ ಹಡಗಿಗೆ ಸುಬ್ಬಣ್ಣ ಯಾವಾಗಲೂ ಬೆನ್ನು ಹಾಕಿ ನಿಲ್ಲುತ್ತಿದ್ದರು.

ನಮ್ಮ ಕೆಲಸ ಅಂಥದ್ದು. ತಳ ಬಿರಿದ ಹಡಗು, ಬೆಂಕಿ ಬಿದ್ದು ಆರಿದ ಹಡಗು, ಸರಕು ಜಾರಿ ಒಂದು ಮಗ್ಗುಲಿಗೆ ವಾಲಿದ ಹಡಗು, ಹೀಗೆ ಪೆಟ್ಟು ತಿಂದದ್ದು ಯಾವುದಾದರೂ ಬಂದರಿನೊಳಗೆ ಬಂತೆಂದರೆ ಅದರ ಸುತ್ತ ಇಷ್ಟು ದೂರದೊಳಗೆ ಯಾವ ದೋಣಿಯೂ ಸುಳಿಯಕೂಡದು ಎಂದು ಆರ್ಡರು ಬರುತ್ತಿತ್ತು. ನಾಲ್ಕು ದಿನಕ್ಕೋ ಹದಿನೈದು ದಿನಕ್ಕೋ, ಹಡಗು ಸರಿಯಾಗುವ ತನಕ. ನೀರಿನ ಮೇಲೆ ಗೆರೆ ಎಳೆಯಲು ಆಗುವುದಿಲ್ಲವಲ್ಲ, ಅದಕ್ಕೆ ನಾವು ಗೆರೆಯಾಗಿ ನಿಲ್ಲಬೇಕು. ಬೆಳಗಿನಿಂದ ಸಂಜೆಯ ತನಕ ಅದೇ ನೀರು, ಅದೇ ಡೀಸೆಲ್ ಹೊಗೆ, ಬಂದ ದೋಣಿಗಳಿಗೆಲ್ಲ ಅದೇ ಒಂದು ಮಾತು. ಮೈಗಿಂತ ಮೊದಲು ಬಾಯಿ ದಣಿಯುವ ಕೆಲಸ.

ಸೇರಿದ ಹೊಸತರಲ್ಲಿ ನಾನು ವಾಲಿದ ಒಂದು ಹಡಗನ್ನೇ ಬಾಯಿ ಬಿಟ್ಟು ನೋಡುತ್ತಿದ್ದೆ. ಸುಬ್ಬಣ್ಣ ಬೆನ್ನಿಗೊಂದು ಗುದ್ದಿದರು.

"ಹಡಗ್ ಕಾಂಬುಕೆ ಸಂಬಳ ಕೊಡುದಲ್ಲ ಮಾರಾಯ. ಅದ್ ಎಲ್ಲಿಗೂ ಓಡುದಿಲ್ಲ. ಬಪ್ಪವ್ರನ್ ಕಾಣ್." ಹಡಗನ್ನಲ್ಲ, ಬರುವವರನ್ನು ನೋಡಬೇಕಂತೆ.

ಆರ್ಡರಿನಲ್ಲಿ ಇಂಗ್ಲಿಷಿನಲ್ಲಿ ಏನೋ ಉದ್ದದ ಹೆಸರಿರುತ್ತಿತ್ತು. ಸುಬ್ಬಣ್ಣ ಅದಕ್ಕೆ ಸೂತಕ ಎನ್ನುತ್ತಿದ್ದರು. "ಹಡಗಿಗೆ ಸೂತಕ. ಹತ್ರ ಹೋಪ್ಲಾಗ, ಮುಟ್ಲಾಗ, ಅಲ್ಲಿಂದ ಎಂತದೂ ತಪ್ಲಾಗ." ಹೋಗಕೂಡದು, ಮುಟ್ಟಕೂಡದು, ಏನನ್ನೂ ತರಕೂಡದು. ಆರ್ಡರು ರದ್ದಾದ ದಿನ ಲಾಂಚನ್ನು ಮೂತಿಯಿಂದ ಬಾಲದ ತನಕ ತೊಳೆಸಿ, ತಾವೂ ದಕ್ಕೆಯ ನಲ್ಲಿಯ ಕೆಳಗೆ ಕೂತು ತಲೆಗೆ ನೀರು ಹೊಯ್ದುಕೊಂಡು, "ಸೂತಕ ಕಳೀತ್" ಎಂದ ಮೇಲೆಯೇ ಊಟ. ಇದು ಬಂದರಿಗೆಲ್ಲ ಗೊತ್ತಾಗಿ, ತಮಿಳು ದೋಣಿಯವರೂ ದೂರದಿಂದ ಕೂಗುತ್ತಿದ್ದರು, "ಸಾರಂಗ್, ತೀಟ್ಟು ಎಪ್ಪೋ ಮುಡಿಯುಂ?" ತಾಂಡೇಲರೇ, ಮೈಲಿಗೆ ಮುಗಿಯುವುದು ಯಾವಾಗ ಎಂದು. ಸುಬ್ಬಣ್ಣ ಅಷ್ಟೇ ಗಂಭೀರವಾಗಿ ಬೆರಳು ಮಡಿಚಿ ದಿನ ಎಣಿಸಿ ಹೇಳುತ್ತಿದ್ದರು.

ಅವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ದೋಣಿ ಹತ್ತಿರ ಬಂದರೆ ಮೊದಲು ಮನೆಯ ಸಮಾಚಾರ. ಹೆಂಡತಿಯ ಕಾಲು ನೋವು ಹೇಗಿದೆ, ಮಗಳ ಮದುವೆ ಗೊತ್ತಾಯಿತೇ. ಅವನು ಉತ್ತರ ಕೊಡುತ್ತಿರುವಾಗಲೇ ಲಾಂಚನ್ನು ಅಡ್ಡ ತಂದು ಅವನ ದೋಣಿಯ ಮೂತಿಯನ್ನು ಮೆಲ್ಲಗೆ ಬಂದ ದಾರಿಗೇ ತಿರುಗಿಸಿಬಿಡುತ್ತಿದ್ದರು. ಮಾತು ಮುಗಿಯುವಷ್ಟರಲ್ಲಿ ಅವನು ಹೊರಗೆ.

ಒಂದು ಸಲ ಎಣ್ಣೆ ಸೋರುವ ಹಡಗು ಬಂದಿತ್ತು. ಯಾರೋ ದೊಡ್ಡ ಮನುಷ್ಯರು ನೆಂಟರಿಷ್ಟರನ್ನು ಕೂರಿಸಿಕೊಂಡು ಬಿಳಿ ಬೋಟಿನಲ್ಲಿ ತಮಾಷೆ ನೋಡಲು ಬಂದರು. ಕೈಯಲ್ಲಿ ಸಿಗರೇಟು. ಸುಬ್ಬಣ್ಣ ಅಡ್ಡ ನಿಂತಾಗ ಕನ್ನಡಕ ತೆಗೆದು, "ನಾನ್ ಯಾರ್‌ನು ತೆರಿಯುಮಾ?" ಎಂದರು. ಸುಬ್ಬಣ್ಣ ಕೈ ಮುಗಿದರು. "ಉಂಗಳೈ ಎನಕ್ಕು ತೆರಿಯುಂ ಸಾರ್. ಇಂದ ಎಣ್ಣೈಕ್ಕು ತೆರಿಯಾದು." ನೀವು ಯಾರೆಂದು ನನಗೆ ಗೊತ್ತು, ಈ ಎಣ್ಣೆಗೆ ಗೊತ್ತಿಲ್ಲ. ಆ ಮನುಷ್ಯರು ಕೈಯ ಸಿಗರೇಟನ್ನು ನೋಡಿದರು, ನೀರನ್ನು ನೋಡಿದರು. ಬೋಟು ತಾನಾಗಿ ತಿರುಗಿತು.

ಅವರಿಂದ ನಾನು ಕಲಿತ ದೊಡ್ಡ ವಿದ್ಯೆ ಗುರುತು ಹಾಕುವುದು. ಗಡಿ ತೋರಿಸಲು ಕಿತ್ತಳೆ ಬಣ್ಣದ ಡ್ರಮ್ಮುಗಳನ್ನು ಕಲ್ಲು ಕಟ್ಟಿ ತೇಲಿಬಿಟ್ಟಿರುತ್ತಾರೆ. ಟಗ್ಗುಗಳ ಅಲೆಗೆ ಅವು ಸರಿದುಹೋಗುತ್ತವೆ. ಸುಬ್ಬಣ್ಣ ಡ್ರಮ್ಮನ್ನು ನಂಬುತ್ತಿರಲಿಲ್ಲ. ಊರಿನ ಕಡಲಲ್ಲಿ ಬಲೆ ಬಿಡುವವರು ಮಾಡುವ ಹಾಗೆ ದಡದ ಮೇಲೆ ಎರಡು ವಸ್ತು ಹಿಡಿಯುತ್ತಿದ್ದರು, ಹತ್ತಿರದ್ದೊಂದು, ದೂರದ್ದೊಂದು. ಅವೆರಡೂ ಒಂದರ ಹಿಂದೊಂದು ಕಾಣುವಷ್ಟು ಹೊತ್ತು ಲಾಂಚು ಆ ಗೆರೆಯ ಮೇಲಿದೆ ಎಂದು ಲೆಕ್ಕ. "ಎರಡೂ ನೆಲಕ್ಕೆ ಬೇರ್ ಬಿಟ್ಟದ್ದೇ ಆಯ್ಕ್" ಎನ್ನುತ್ತಿದ್ದರು, ಎರಡೂ ಕದಲದ ವಸ್ತುವೇ ಆಗಬೇಕು ಎಂದು.

೧೯೯೯ರ ಬೇಸಿಗೆಯಲ್ಲಿ ಮರದ ದಿಮ್ಮಿಗಳ ಹಡಗೊಂದು ಬಂತು. ಹೊರಗಡಲಿನಲ್ಲಿ ಪೆಟ್ಟು ತಿಂದು, ಡೆಕ್ಕಿನ ಮೇಲೆ ಪೇರಿಸಿದ್ದ ದಿಮ್ಮಿಗಳು ಒಂದು ಬದಿಗೆ ಜಾರಿ, ಸರಪಳಿಗಳ ಮೇಲೆ ಒರಗಿ ನಿಂತಿದ್ದವು. ಸುತ್ತ ನೂರು ಮೀಟರು ಸೂತಕ. ನನಗೆ ಆಗ ಮೂವತ್ತೊಂದು. ಆ ತಿಂಗಳೇ ತಾಂಡೇಲನ ಲೈಸೆನ್ಸಿಗೆ ಅರ್ಜಿ ಹಾಕಿದ್ದೆ. ಅದಕ್ಕೆ ಹತ್ತು ವರ್ಷದ ಸರ್ವೀಸು ಬೇಕು, ಕೈಯಿಂದ ಒಂದೂ ಅವಘಡ ಆಗಿಲ್ಲ ಎಂಬ ಕಾಗದ ಬೇಕು. ಎರಡೂ ನನ್ನ ಹತ್ತಿರ ಇದ್ದವು. ಅದು ಸಿಗದಿದ್ದರೆ ಸಾಯುವ ತನಕ ಖಲಾಸಿ.

ಸೆಲ್ವಂ ಎಂಬ ದೋಣಿಯವನು ಹಡಗುಗಳಿಗೆ ತರಕಾರಿ, ಸೋಪು, ಬೀಡಿ ಮಾರಿ ಬದುಕುವವನು. ದಿಮ್ಮಿ ಹಡಗಿನವರು ಕೈ ಬೀಸಿ ಕರೆಯುತ್ತಿದ್ದರು. ಅವನು ದಿನವೂ ಬಂದು ನಮ್ಮ ಲಾಂಚಿನ ಪಕ್ಕ ದೋಣಿ ನಿಲ್ಲಿಸಿಕೊಂಡು ಗೋಗರೆಯುತ್ತಿದ್ದ, "ಅಂಜು ನಿಮಿಷಂ ಸಾರಂಗ್, ಕೊಡುತ್ತುಟ್ಟು ಓಡಿ ವಂದುಡುವೇನ್." ಐದು ನಿಮಿಷ ಬೇಕಂತೆ, ಕೊಟ್ಟು ಓಡಿ ಬಂದುಬಿಡುತ್ತಾನಂತೆ. ಸುಬ್ಬಣ್ಣ, "ಲಾಂಚಿನ ಹೊರಗಡೆ ಎಷ್ಟು ಹೊತ್ತು ಬೇಕಾದರೂ ನಿಲ್ಲು. ಒಳಗಡೆ ಅರ್ಧ ನಿಮಿಷವೂ ಇಲ್ಲ" ಎಂದು ತಮಿಳಿನಲ್ಲೇ ಹೇಳುತ್ತಿದ್ದರು. ಅವನು ಒಮ್ಮೆಯೂ ಆ ಮಾತು ಮೀರಲಿಲ್ಲ. ನಮ್ಮ ಲಾಂಚೇ ಅವನಿಗೆ ಗಡಿ.

ಒಂಬತ್ತನೇ ದಿನ ಮಧ್ಯಾಹ್ನ ಸುಬ್ಬಣ್ಣನಿಗೆ ಜ್ವರ. ಎರಡು ದಿನದಿಂದ ಹೇಳದೆ ನಿಂತಿದ್ದರು. "ವಿಠಲ, ಒಂದ್ ಗಳಿಗೆ ಹಿಡ್ಕೋ. ಹೈಕೋರ್ಟಿನ ಗುಮ್ಮಟ, ಶೆಡ್ಡಿನ ಮೂಲೆ. ಬಿಡ್ಬೇಡ" ಎಂದು ಚುಕ್ಕಾಣಿ ನನಗೆ ಕೊಟ್ಟು ಕ್ಯಾಬಿನಿನಲ್ಲಿ ಮಲಗಿದರು.

ಸ್ವಲ್ಪ ಹೊತ್ತಿಗೆ ದೊಡ್ಡ ಹಡಗೊಂದು ಬಂದು ಶೆಡ್ಡಿನ ಮುಂದೆ ಕಟ್ಟಿಕೊಂಡಿತು. ಮೂಲೆ ಮರೆಯಾಯಿತು. ಅವರನ್ನು ಎಬ್ಬಿಸಬಹುದಿತ್ತು. ನನಗೇನು ಗೊತ್ತಿಲ್ಲವೇ ಎಂಬ ಹಮ್ಮು. ಗುಮ್ಮಟದ ನೇರಕ್ಕೇ ಕ್ರೇನಿನ ಒಂದು ಕಾಲು ನಿಂತಿತ್ತು. ಆ ಹಡಗಿನ ಮೇಲಿನಿಂದಲೂ ಅದರ ತುದಿ ಕಾಣುತ್ತಿತ್ತು. ಅದನ್ನೇ ಗುರುತು ಹಿಡಿದೆ.

ಕ್ರೇನು ಹಳಿಯ ಮೇಲೆ ನಿಂತದ್ದು. ಊಟದ ಹೊತ್ತು ಕಳೆದ ಮೇಲೆ ಅದು ಇರುವೆ ಹೋದಂತೆ ಸರಿಯತೊಡಗಿತು. ಗುಮ್ಮಟ ಕಾಲಿನಿಂದ ತಪ್ಪಿದಾಗಲೆಲ್ಲ, ನೀರಿನ ಸೆಳೆತಕ್ಕೆ ಲಾಂಚೇ ಸರಿಯಿತು ಎಂದುಕೊಂಡು ನಾನು ಚುಕ್ಕಾಣಿ ತಿರುಗಿಸಿ ಸರಿಮಾಡಿಕೊಂಡೆ. ಹಾಗೆ ಸರಿಮಾಡುತ್ತಾ ಮಾಡುತ್ತಾ ದಿಮ್ಮಿ ಹಡಗಿನ ಹತ್ತಿರ ಹತ್ತಿರಕ್ಕೆ ಹೋದೆ. ಹಡಗಿಗೆ ಬೆನ್ನು ಹಾಕಿ ನಿಂತಿದ್ದೆನಲ್ಲ, ತಾಂಡೇಲನ ಹಾಗೆಯೇ. ಸೆಲ್ವಂ ನಮ್ಮ ಹೊರಗಡೆಗೇ, ಪಕ್ಕಕ್ಕೇ ಇದ್ದ. ತಾನು ಸೂತಕದೊಳಗಿದ್ದೇನೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ಸರಪಳಿ ಹರಿದ ಸದ್ದು ಗುಂಡಿನ ಹಾಗಿತ್ತು. ಆರೇಳು ದಿಮ್ಮಿ ಉರುಳಿ ನೀರಿಗೆ ಬಿದ್ದವು. ಒಂದು ನೀರಿನೊಳಗಿನಿಂದ ಚಿಮ್ಮಿ ಬಂದು ಸೆಲ್ವಂನ ದೋಣಿಯನ್ನು ಸೀಳಿತು. ನಾನು ಚುಕ್ಕಾಣಿ ಹಿಡಿದು ಮರಗಟ್ಟಿ ನಿಂತೆ. ಜ್ವರದಲ್ಲಿದ್ದ ಸುಬ್ಬಣ್ಣ ಎದ್ದು ಬಂದವರೇ ನೀರಿಗೆ ಹಾರಿ, ಅವನ ಕೂದಲು ಹಿಡಿದು ಎಳೆದು ತಂದರು. ಬಲತೊಡೆ ಎರಡು ಕಡೆ ಮುರಿದಿತ್ತು. ಟೊಮೇಟೊ ಹಣ್ಣುಗಳು ನೀರಿನ ತುಂಬ ತೇಲುತ್ತಿದ್ದವು.

ಅವನನ್ನು ಮಲಗಿಸಿ, ಒದ್ದೆ ಮೈಯಲ್ಲೇ ಸುಬ್ಬಣ್ಣ ಒಂದು ಸಲ ದಡದ ಕಡೆ ನೋಡಿದರು. ಆಮೇಲೆ ನನ್ನನ್ನು.

"ಗುರ್ತ್ ಯಾವ್ದ್ ಹಿಡ್ದಿದ್ದೆ?"

"ನೀವ್ ಹೇಳಿದ್ದೇ. ಶೆಡ್ಡಿನ ಮೂಲೆ."

"ಹ್ಞಾಂ" ಎಂದರು. ಅಷ್ಟೇ.

ವಿಚಾರಣೆ ನಡೆಸಿದ ಆಫೀಸರು ಸಂಪತ್ ಸಾರ್ ಎಂದು. ಕನ್ನಡನಾಡಿನಿಂದ ಬಂದು ಅಜ್ಜನ ಕಾಲದಿಂದ ಮದ್ರಾಸಿನಲ್ಲೇ ಇರುವ ಅಯ್ಯಂಗಾರರ ಮನೆಯವರು, ಹಣೆಯಲ್ಲಿ ತೆಳ್ಳಗೆ ಕೆಂಪು ಗೆರೆ. ನಮ್ಮ ಹೆಸರು ಕೇಳಿ ಅವರ ಮುಖ ಸ್ವಲ್ಪ ಅರಳಿತು.

"ಕನ್ನಡದೋರಾ? ನಮ್ಮಾತ್ತಿನಲ್ಲೂ, ಮನೇಲೂ, ಕನ್ನಡವೇ. ಕೊಂಜಂ ತಮಿಳು ಸೇರ್ಕೊಂಡ್ಬಿಡತ್ತೆ, ಪರವಾಯಿಲ್ಲೆ ಅಲ್ವಾ? ಭಯಪಡ್ಬೇಡಿ, ನಡೆದದ್ದನ್ನ ಅಪ್ಪಡಿಯೇ, ಹಾಗೇ ಹೇಳಿ."

ಸುಬ್ಬಣ್ಣ ಹೇಳಿದರು. "ಲಾಂಚು ನನ್ನ ಜವಾಬ್ದಾರಿ ಸಾರ್. ಜ್ವರ ಇತ್ತು, ಮಲಗಿದ್ದೆ. ಮಲಗಬಾರದಿತ್ತು. ಅದು ನನ್ನ ತಪ್ಪು." ಅಲ್ಲಿಗೆ ನಿಲ್ಲಿಸಿದರು. ಫ್ಯಾನಿನ ಗಾಳಿಗೆ ಮೇಜಿನ ಮೇಲಿನ ಕಾಗದಗಳು ಪಟಪಟ ಎನ್ನುತ್ತಿದ್ದವು. ಸಾಹೇಬರು ನನ್ನ ಕಡೆ ತಿರುಗಿ, "ನೀವು ಯಾವ ಗುರುತು ನೋಡ್ಕೊಂಡು ನಿಂತಿದ್ರಿ?" ಎಂದು ಕೇಳಿದರು.

"ಅವರು ಹಾಕಿಕೊಟ್ಟದ್ದೇ ಸಾರ್" ಎಂದೆ.

ಅದನ್ನೇ ಬರೆದುಕೊಂಡರು. ತಾಂಡೇಲ ತಪ್ಪು ಗುರುತು ಕೊಟ್ಟು ಮಲಗಿದ್ದ ಎಂದಾಯಿತು.

ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಸುಬ್ಬಣ್ಣ ನಿಂತರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಆಗುತ್ತಿತ್ತು.

"ನನ್ ಪಾಲಿಂದ್ ನಾನ್ ಹೇಳ್ದೆ. ನಿಂದ್ ನೀ ಹೇಳೂಕೆ ಜಾಗ ಬಿಟ್ಟಿದ್ದೆ."

"ಮತ್ತೆ ಸಾಹೇಬ್ರ ಎದ್ರಿಗೆ ಯಾಕ್ ಸುಮ್ನಾದ್ರಿ? ಸುಳ್ಳು ಅಂತ ಹೇಳ್ಬೇಕಿತ್ತು ನೀವು." ಕೇಳಿದವನು ನಾನೇ. ಆ ಧೈರ್ಯ ಎಲ್ಲಿಂದ ಬಂತೋ.

"ಊರ್ ಬಿಟ್ಟ್ ಬಂದ್ ಇಬ್ರ್ ಕನ್ನಡದವ್ರ್ ಆಫೀಸಲ್ಲಿ ಕಚ್ಚಾಡುದ್ ಎಂತಕೆ? ಸಾಕಾಯ್ತ್ ಮಾರಾಯ" ಎಂದು ಹೆಗಲ ಮೇಲಿನ ಟವೆಲು ಕೊಡವಿ ಹೊರಟರು.

ಅವರನ್ನು ಲಾಂಚಿನಿಂದ ಇಳಿಸಿ ಹಗ್ಗದ ಗೋದಾಮಿಗೆ ಹಾಕಿದರು. ಮಾರನೇ ವರ್ಷ ನನಗೆ ಲೈಸೆನ್ಸು ಬಂತು, ಅದೇ ಲಾಂಚೂ ಬಂತು. ಹಗ್ಗ ಬೇಕಾದಾಗ ಗೋದಾಮಿಗೆ ನಾನು ಖಲಾಸಿಯನ್ನು ಕಳಿಸುತ್ತಿದ್ದೆ. ೨೦೦೨ರಲ್ಲಿ ಅವರು ರಿಟೈರಾದರು.

೨೦೦೬ರಲ್ಲಿ ಪೆರಂಬೂರಿಗೆ ಹೋದೆ. ಅವರು ಅಲ್ಲಿ ಮಗಳ ಮನೆಯಲ್ಲಿದ್ದರು. ಅಳಿಯ ರೈಲ್ವೆ ವರ್ಕ್‌ಶಾಪಿನವನು. ಮೊಮ್ಮಗಳು ಬಾಗಿಲಲ್ಲೇ, "ತಾತಾ, ಯಾರೋ ವಂದಿರುಕ್ಕಾಂಗ" ಎಂದು ನಾನು ಬಂದದ್ದನ್ನು ಕೂಗಿ ಹೇಳಿದಳು. ಸುಬ್ಬಣ್ಣ ನೆಲದ ಮೇಲೆ ಕೂತು ಯಾರದೋ ಹರಿದ ಕುರ್ಚಿಗೆ ಪ್ಲಾಸ್ಟಿಕ್ ವೈರು ಹೆಣೆಯುತ್ತಿದ್ದರು. ತುಂಬ ಇಳಿದುಹೋಗಿದ್ದರು. ನಾನು ಕೂರುವ ಮೊದಲೇ ಹೇಳಿಬಿಟ್ಟೆ.

"ಕ್ರೇನಿನ ಕಾಲು ಸುಬ್ಬಣ್ಣ. ಅವತ್ತು ನಾನು ಹಿಡಿದ ಗುರುತು."

"ಗೊತ್ತಿತ್ತ್." ಕೈ ನಿಲ್ಲಲಿಲ್ಲ. "ಶೆಡ್ಡೇ ಕಾಂತಿರ್ಲಿಲ್ಲ, ಮೂಲೆ ಎಲ್ಲಿಂದ ಬರ್ಕ್? ಹಾರ್ಬರಿಂದ ಇಲ್ಲಿಗೆ ಮುಕ್ಕಾಲ್ ಗಂಟೆ ಬಸ್ಸ್. ಏಳ್ ವರ್ಷ ತಕಂಡ್ಯಲ್ಲ."

ನಾನು ಅವರ ಎದುರಿಗೆ ನೆಲದ ಮೇಲೆ ಕೂತೆ.

"ನಂಗ್ ಹೇಳಿ ಎಂತ ಆಪುದಿತ್ತ್? ಸೆಲ್ವಂಗೆ ಹೇಳ್. ರಾಯಪುರಂ ಮಾರ್ಕೆಟ್ಟಲ್ಲಿ ಅಂಗಡಿ ಇಟ್ಕಂಡಿದ್ದ. ನನ್ನ ಕಂಡ್ರೆ ರಸ್ತೆ ದಾಟಿ ಆಚೆ ಬದಿಗೆ ಹೋತ. ಆ ಕಾಲಲ್ಲಿ ರಸ್ತೆ ದಾಟುದ್ ಅವಂಗೆ ಎಷ್ಟ್ ಕಷ್ಟ ಗೊತ್ತಿತ್ತಾ? ಈಗ ನಾನೇ ಆ ಬದಿಗೆ ಹೋಪುದ್ ಬಿಟ್ಟೆ."

ಈ ಭಾನುವಾರವೇ ಹೋಗಿ ಹೇಳುತ್ತೇನೆ ಎಂದೆ. ಅವರು "ಹ್ಞಾಂ" ಎಂದರು, ಅವತ್ತು ಲಾಂಚಿನಲ್ಲಿ ಅಂದ ಹಾಗೆಯೇ. ಮಗಳು ಕೊಟ್ಟ ಕಾಫಿ ಕುಡಿದು ಬಂದೆ.

ಆ ಭಾನುವಾರ ಡ್ಯೂಟಿ ಬಿತ್ತು. ಮುಂದಿನ ಭಾನುವಾರ ಸುಮ್ಮನೆ ಹೋಗಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸುಬ್ಬಣ್ಣನ ಮಗಳು ಫೋನು ಮಾಡಿದಳು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ವಾರವೇ ಸೆಲ್ವಂನ ಅಂಗಡಿಗೆ ಹೋದೆ. ಈರುಳ್ಳಿ ರಾಶಿಯ ಹಿಂದೆ ಬಲಗಾಲು ಚಾಚಿ ಕೂತಿದ್ದ. ಎಲ್ಲ ಹೇಳಿದೆ. ಕ್ರೇನು, ಶೆಡ್ಡು, ಆಫೀಸಿನಲ್ಲಿ ನಾನು ಆಡಿದ ಮಾತು, ಒಂದೂ ಬಿಡದೆ. ಅವನು ಕೊನೆಯ ತನಕ ಕೇಳಿದ. ಆಮೇಲೆ ನನ್ನ ಮುಖ ನೋಡದೆ ಹೇಳಿದ, "ಅವರ್ ಇರುಕ್ಕುಂಪೋದು ಸೊಲ್ಲಿರುಕ್ಕಲಾಮೇ ಅಣ್ಣೇ." ಅವರು ಇದ್ದಾಗ ಹೇಳಬಹುದಿತ್ತಲ್ಲ ಎಂದು. ಅಷ್ಟರಲ್ಲಿ ಗಿರಾಕಿ ಬಂದಳು. ಅವನು ತಕ್ಕಡಿ ಎತ್ತಿಕೊಂಡ.

ಇದು ನಡೆದು ಎರಡು ವರ್ಷವಾಯಿತು. ಈಗ ನನ್ನ ಹತ್ತಿರ ಲೈಸೆನ್ಸು ಒಂದಿದೆ, ಕೈಯಿಂದ ಒಂದೂ ಅವಘಡ ಆಗಿಲ್ಲ ಎಂಬ ಆ ಕಾಗದವೂ ಇದೆ. ನನ್ನ ಕೆಳಗೆ ಲಾಂಚು ಒಂದು, ಖಲಾಸಿಗಳು ಮೂರು ಜನ. ಬಂದರಿನಲ್ಲಿ ಇಪ್ಪತ್ತು ವರ್ಷದ ಸರ್ವೀಸು. ಎರಡು ಕೋಣೆಯ ಬಾಡಿಗೆ ಮನೆ, ಹೆಂಡತಿ, ಓದುತ್ತಿರುವ ಇಬ್ಬರು ಮಕ್ಕಳು. ನೋಯುವ ಮೊಣಕಾಲು ಎರಡು. ರಿಟೈರಾಗಲು ಇನ್ನು ಹದಿನೆಂಟು ವರ್ಷ.