ಆಯಾ ರೋಗ, ಆಯಾ ಬಾಯಿ

ನಯಾಪೈಸೆ ಬಂದ ವರ್ಷ ಶಿವಮೊಗ್ಗ ಜಿಲ್ಲೆಯ ಜಡೆ ಊರಿನ ಕಡೆಯ ಒಂದು ದವಾಖಾನೆಯಲ್ಲಿ ಇದ್ದವರು ಮೂರೇ ಜನ: ದಾವಣಗೆರೆಯಿಂದ ಬಂದ ಡಾಕ್ಟರ್ ಗಂಗಾಧರಪ್ಪ, ಕಾಂಪೌಂಡರ್ ನಾಗಪತಿ, ಆಯಾ ದ್ಯಾಮಮ್ಮ. ದ್ಯಾಮಮ್ಮನ ಕೆಲಸ ಕಸ ಗುಡಿಸುವುದು ಎಂದು ಸರ್ಕಾರ ತಿಳಿದಿತ್ತು. ನಿಜಕ್ಕೂ ಆಯಾ ಹೆಂಗಸಿನ ಆಯಾ ರೋಗವನ್ನು ಡಾಕ್ಟರಿಗೆ ಮುಟ್ಟಿಸುತ್ತಿದ್ದವಳು ಈ ಆಯಾ.

ಗಂಡಸು ಡಾಕ್ಟರ ಮುಂದೆ ಒಳಗಿನ ಮಾತಾಡಲು ಯಾವ ಹೆಂಗಸೂ ತಯಾರಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ದ್ಯಾಮಮ್ಮನ ಕಿವಿಗೆ ಉಸುರುವರು. ಮೊದಮೊದಲು ಅವಳು "ಇವಳಿಗೆ ಬಿಳಿಮುಟ್ಟಂತೆ" ಎನ್ನುತ್ತಿದ್ದಳು. ಜಗುಲಿಯ ಗಂಡಸರೆಲ್ಲ ಯಾರಿಗೆ ಎಂದು ಕತ್ತು ಚಾಚುವರು. ಆಮೇಲೆ ಅವಳೇ ವ್ಯಾಕರಣ ತಿದ್ದಿದಳು. ಎಲ್ಲ ರೋಗವೂ "ನಂಗೆ". ಬೆಳಿಗ್ಗೆ ಬಸುರಿ, ಬಿಸಿಲೇರಿದರೆ ಬಾಣಂತಿ, ಮಧ್ಯಾಹ್ನಕ್ಕೆ ಬಂಜೆ. ಡಾಕ್ಟರು ಮರೆಯಿಂದ ಬಂದ ಕೈಯ ನಾಡಿ ಹಿಡಿದು ಮದ್ದು ಬರೆಯುವರು. ಮಾನ ಉಳಿಯುತ್ತಿತ್ತು, ಎಷ್ಟೋ ಸಲ ಪ್ರಾಣವೂ.

ಫಜೀತಿಯಾದದ್ದು ದ್ಯಾಮಮ್ಮನಿಗೇ ಮುಟ್ಟು ನಿಲ್ಲದೆ, ಗೋಡೆ ಹಿಡಿದು ನಡೆಯುವಂತಾದಾಗ.

"ಡಾಕ್ಟ್ರೇ, ನಂಗೆ ತಿಂಗಳಿಂದ ಮುಟ್ಟು ನಿಂತಿಲ್ಲ."

"ಆತು, ಕೈ ಚಾಚಾಕೆ ಹೇಳು."

"ನಂಗೇ ಡಾಕ್ಟ್ರೇ."

"ನಿಂಗೇ ಅಂತ ಗೊತ್ತೈತವ್ವ. ಇವತ್ತು ನೀನು ಅಂದ್ರೆ ಯಾರು?"

ದ್ಯಾಮಮ್ಮನಿಗೆ ಒಮ್ಮೆ ಹೇಳುವಷ್ಟಕ್ಕೇ ಇದ್ದ ಧೈರ್ಯ ಮುಗಿದಿತ್ತು. ಹೋಗಿ ಮದ್ದಿನ ಕೋಣೆಯಲ್ಲಿ ಕುಸಿದು ಕೂತಳು.

"ಏನು ದ್ಯಾಮಮ್ಮ, ಮುಖ ಸುಣ್ಣದ ಹಾಗಾಗಿದ್ಯಲ್ಲ?" ಎಂದ ನಾಗಪತಿ.

"ನಿಮ್ಮತ್ರ ಹೆಂಗೆ ಹೇಳದು ಅಯ್ಯಾ."

"ಊರವರದೆಲ್ಲ ಕೇಳಿಸ್ಕಂಡಾಗಿದೆ. ನಿನ್ನದೊಂದು ಭಾರವಾ?"

ಹೇಳಿದಳು. ನಾಗಪತಿ ಜುಟ್ಟು ಬಿಗಿದುಕೊಂಡು, ಜನಿವಾರ ಸರಿಮಾಡಿಕೊಂಡು, ಅವಳನ್ನು ಮರೆಗೆ ನಿಲ್ಲಿಸಿ ಬಾಗಿಲಿಗೆ ಬಂದ.

"ಡಾಕ್ಟ್ರೇ, ನಂಗೆ ತಿಂಗಳಿಂದ ಮುಟ್ಟು ನಿಂತಿಲ್ಲ."

ಜಗುಲಿಯಲ್ಲಿ ಯಾರದೋ ಬಾಯಿಂದ ಬೀಡಿ ಬಿತ್ತು. ಡಾಕ್ಟರು ತಲೆಯೆತ್ತಿದರು. ಕಾಂಪೌಂಡರನ ಬೆನ್ನ ಹಿಂದಿನಿಂದ ಹಚ್ಚೆ ಹಾಕಿದ, ಫಿನೈಲು ವಾಸನೆಯ ಕೈಯೊಂದು ಬಂತು. ದಿನಾ ತಮ್ಮ ಮೇಜು ಒರೆಸುವ ಕೈ. ಉಗುರೆಲ್ಲ ಬೆಳ್ಳಗೆ.

"ಮೈಯಾಗೆ ರಕ್ತಾನೇ ಇಲ್ಲಲ್ರೀ," ಎಂದರು ಮೆಲ್ಲಗೆ. "ಇವತ್ತಿನ ಬಸ್ಸಿಗೇ ಶಿವಮೊಗ್ಗಕ್ಕೆ ಕಳಸ್ರಿ. ಅಲ್ಲಿ ಹೆಣ್ಣು ಡಾಕ್ಟ್ರದಾರೆ."

ಅವಳು ಶಿವಮೊಗ್ಗದಲ್ಲಿದ್ದಷ್ಟು ದಿನ ಜಡೆ ಕಡೆಯ ಹೆಂಗಸರಿಗೆ ಒಂದೂ ಕಾಯಿಲೆ ಬರಲಿಲ್ಲ. ತಮ್ಮ ಮದ್ದು ನಾಟಿತೆಂದು ಡಾಕ್ಟರು ಹಿಗ್ಗಿದರು. ದ್ಯಾಮಮ್ಮ ಗುಣವಾಗಿ ಕೆಲಸಕ್ಕೆ ಬಂದ ದಿನ ಬಾಗಿಲ ಮರೆಯ ಸಾಲು ಹಿತ್ತಲಿನವರೆಗೆ ಹೋಗಿತ್ತು.

"ಏನವ್ವ ಇದು, ಊರಿಗೇ ಒಟ್ಟಿಗೆ ಹಿಡಿದೈತಿ?"

"ಊರಿಗಲ್ಲ ಡಾಕ್ಟ್ರೇ," ಎಂದಳು ದ್ಯಾಮಮ್ಮ, "ನಂಗೆ."