ತಲೆಬಾಗಿಲು ಕಿತ್ತ ದಿನ

ಆಗ ನನಗೆ ಹತ್ತು ವರ್ಷ. ಅದಾಗಿ ಅರವತ್ತು ವರ್ಷ ದಾಟಿತು. ಆ ಕಾಲದಲ್ಲಿ ಹಾರನಹಳ್ಳಿಯಲ್ಲಿ ಹಳೇ ಮನೆ ಕೆಡವುತ್ತಾರೆ ಅಂದರೆ ಮಕ್ಕಳಿಗೆ ಯುಗಾದಿಗಿಂತ ಹೆಚ್ಚು. ಯುಗಾದಿಗೆ ಎಣ್ಣೆ ಹಚ್ಚಿಸಿಕೊಳ್ಳಬೇಕು, ಲಂಗ ಕೊಳೆ ಮಾಡಿದರೆ ಬೆನ್ನಿಗೆ ಬೀಳುತ್ತಿತ್ತು. ಮನೆ ಕೆಡವುವ ಕಡೆ ತಲೆತುಂಬ ಮಣ್ಣು ಹುಯ್ದುಕೊಂಡರೂ ಕೇಳುವವರಿಲ್ಲ. ಮಣ್ಣುಗುಡ್ಡೆ ಹತ್ತಿ ಕುಂಡಿ ಮೇಲೆ ಜಾರುವುದು, ಕುಂಟೆಬಿಲ್ಲೆ ಆಟಕ್ಕೆ ಒಡೆದ ಹೆಂಚು ಆರಿಸಿ ಕಲ್ಲಿಗೆ ಉಜ್ಜಿ ದುಂಡಗೆ ಮಾಡುವುದು. ಒಳ್ಳೆ ಬಿಲ್ಲೆ ಸಿಕ್ಕಿದರೆ ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಲಗುತ್ತಿದ್ದೆ.

ಕೆಡವುತ್ತಿದ್ದದ್ದು ಸಾಹುಕಾರ್ ರುದ್ರಪ್ಪನವರ ಮನೆ. ಅವರದು ಕೊಬ್ಬರಿ ವ್ಯಾಪಾರ. ಮಣ್ಣಿನ ಗೋಡೆ, ಒಂದೊಂದೂ ಮೊಳಕ್ಕಿಂತ ದಪ್ಪ. ನಡುಮನೆ ಮೇಲೆ ದೊಡ್ಡ ಅಟ್ಟ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷಗಟ್ಟಲೆ ಬಿಡುತ್ತಾರೆ. ನೀರು ಒಳಗೇ ಇಂಗಿ ಕಾಯಿ ಗಿಟಕಾಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು. ಆ ಮನೆಗೆ ಕಾಲಿಟ್ಟರೆ ಕೊಬ್ಬರಿ ಎಣ್ಣೆ, ಇಲಿ, ಹೊಗೆ, ಹಳೇ ಮಣ್ಣು ಎಲ್ಲಾ ಸೇರಿ ಒಂದು ವಾಸನೆ. ಈಗಲೂ ಮೂಗು ಮುಚ್ಚಿಕೊಂಡರೂ ಬರುತ್ತದೆ.

ಕೆಡವುವ ಕೆಲಸ ಹಿಡಿದವನು ನಮ್ಮಪ್ಪ, ಮೇಸ್ತ್ರಿ ನಿಂಗಪ್ಪ. ಗಡಾರಿ ಹಾಕಿ ಗೋಡೆ ಕೆಡವುವವನು ಕರಿಯಣ್ಣ. ಮಣ್ಣು ಹೊರುವವಳು ನಮ್ಮವ್ವನ ತಂಗಿ, ಚಿಕ್ಕವ್ವ ಹೊನ್ನಮ್ಮ. ಬಾಯಿಜೋರಿನ ಹೆಂಗಸು. ಮಂಕರಿ ತುಂಬ ಮಣ್ಣು ಹೊತ್ತುಕೊಂಡೇ ಅರ್ಧ ಊರಿನವರನ್ನು ಆಡಿಕೊಳ್ಳುತ್ತಿದ್ದಳು.

ಹೆಂಚು ಇಳಿಸಿ ಆಗಿತ್ತು. ಅಟ್ಟದ ಕಾಯಿ ಮಾತ್ರ ಅಲ್ಲೇ ಇತ್ತು. ಸಾಹುಕಾರರು ಆಗ ಇದ್ದದ್ದು ಪಕ್ಕದ ತಮ್ಮನ ಮನೆಯಲ್ಲಿ. ಅಲ್ಲಿನ ಅಟ್ಟ ಖಾಲಿಯಾಗುವವರೆಗೆ ಇಳಿಸಿ ಹಾಕಲು ಜಾಗವಿಲ್ಲ, ನೆಲಕ್ಕೆ ಹಾಕಿದರೆ ಕಾಯಿ ಕೆಡುತ್ತದೆ ಅಂತ ಬಿಟ್ಟಿದ್ದರು. ಸರಿ, ಮುಂದಿನ ಗೋಡೆ ಮುಟ್ಟುವುದು ಬೇಡ, ಹಿಂದಿನಿಂದ ಕೆಡವಿಕೊಂಡು ಬರೋಣ ಅಂತ ಮಾತಾಗಿತ್ತು.

ಆದರೆ ಬೀದಿಯ ಆ ತುದಿಯಲ್ಲಿ ಸಾಹುಕಾರರ ಹೊಸ ಮನೆಗೆ ಪಾಯ ಎದ್ದಿತ್ತು. ಹೊಸ ಮನೆಗೆ ಬಾಗಿಲು ನಿಲ್ಲಿಸುವ ಮುಹೂರ್ತ ಅವತ್ತು ಬೆಳಿಗ್ಗೆ. ನಿಲ್ಲಿಸಬೇಕಾದದ್ದು ಈ ಹಳೇ ತಲೆಬಾಗಿಲೇ. ನಾಲ್ಕು ತಲೆಮಾರು ಅರಿಶಿನ ಕುಂಕುಮ ಕಂಡ ಬಾಗಿಲುವಾಡ. ಹೊಸಿಲು, ಪಟ್ಟಿ, ಮೇಲಿನ ಲಕ್ಷ್ಮಿ ಕೆತ್ತಿದ ದಪ್ಪ ಮರ, ಎಲ್ಲಾ ಬಿಚ್ಚದೆ ಇಡಿಯಾಗಿ ಹೋಗಬೇಕು. ಅಟ್ಟದ ತೊಲೆಗಳ ಭಾರ ಇದ್ದದ್ದು ಸರಿಯಾಗಿ ಆ ಬಾಗಿಲ ಮೇಲಿನ ಗೋಡೆಗೆ.

ಅಪ್ಪ ತಲೆ ಕೆರೆದುಕೊಂಡ. "ಸಾವ್ಕಾರ್ರೇ, ಕಾಯಿ ಇಳ್ಸಿ ಆಮ್ಯಾಕೆ ಕೀಳೋಣ. ಒಂದಿನ ತಡೀರಿ."

"ಮುಹೂರ್ತ ತಡೀತದೇನಯ್ಯ?" ಅಂದರು ಸಾಹುಕಾರರು. "ಇನ್ನು ಮೂರು ತಿಂಗ್ಳು ಬಾಗಿಲಿಡೋ ದಿನ ಇಲ್ಲ ಅಂದವ್ರೆ ಅಯ್ನೋರು. ನಾಲ್ಕು ಆಸ್ರೆ ಕೊಡು, ಕೀಳು. ಏನೂ ಆಗಲ್ಲ."

ಚಿಕ್ಕವ್ವ ಸುಮ್ಮನಿರಲಿಲ್ಲ. "ಲಕ್ಷ್ಮಿ ಆ ಮನ್ಗೆ ಹೊಂಟ್ರೆ ಈ ಮನೆ ಹೊತ್ಕೊಂಡ್ ನಿಂತ್ಕೊಳ್ಳಕ್ಕೆ ಯಾರ್‌ ಐದಾರೆ ಬಾವ, ನೀನಾ?" ಅಂದಳು.

"ಬಾಯ್ ಮುಚ್ಕೊಂಡ್ ಮಣ್ಣು ಹೊರೇ," ಅಂದ ಅಪ್ಪ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಎರಡು ತೆಂಗಿನ ಮರದ ತುಂಡು ಆಸರೆ ಕೊಟ್ಟರು. ಇನ್ನೆರಡು ಹುಡುಕುವಷ್ಟರಲ್ಲಿ ಓಲಗದವರು ಬಂದೇಬಿಟ್ಟರು. ಎರಡೇ ಆಸರೆ ಮೇಲೆ ಅಪ್ಪ ಬಾಗಿಲು ಕಿತ್ತ.

ಆಹಾ, ಆ ಮೆರವಣಿಗೆ! ಬಾಗಿಲಿಗೆ ಅರಿಶಿನ ಬಳಿದು, ಮಾವಿನೆಲೆ ಕಟ್ಟಿ, ಹೊಸ ಸೀರೆ ಹೊದೆಸಿ ನಾಲ್ಕು ಮೂಲೆಗೆ ನಾಲ್ವರು ಹೆಗಲು ಕೊಟ್ಟರು. ಮುಂದಿನ ಬಲಮೂಲೆಗೆ ಅಪ್ಪ. ಓಲಗ ಕಿವಿ ಕಿತ್ತುಹೋಗುವ ಹಾಗೆ ಊದಿದರು. ಸಾಹುಕಾರರ ಹೆಂಡತಿ ಮಕ್ಕಳಿಗೆಲ್ಲ ಚರುಪು ಹಂಚಿದರು, ಕಡಲೆ, ಸಕ್ಕರೆ, ಕೊಬ್ಬರಿ ಚೂರು. ಎರಡು ಸಲ ಕೈ ಚಾಚಿದೆ, ಎರಡು ಸಲವೂ ಸಿಕ್ಕಿತು. ನಾವೆಲ್ಲ ಬಾಗಿಲ ಹಿಂದೆ ಕಿರುಚಿಕೊಂಡು ಓಡಿದೆವು. ಚಿಕ್ಕವ್ವ, ಕರಿಯಣ್ಣ ಅಲ್ಲೇ ಉಳಿದರು. ಬಾಗಿಲು ಕಿತ್ತ ಜಾಗದ ಮಣ್ಣು ತೆಗೆಯಬೇಕಿತ್ತು.

ಅರ್ಧ ಬೀದಿ ದಾಟಿರಬೇಕು. ಬೆನ್ನ ಹಿಂದೆ ಗುಡುಗಿತು. ಓಲಗ ನಿಂತಿತು. ತಿರುಗಿ ನೋಡಿದರೆ ಮನೆ ಕಾಣದು, ಬರೀ ಕೆಂಪು ಧೂಳು. ಆ ಧೂಳಿನೊಳಗಿಂದ ತೆಂಗಿನಕಾಯಿ ಉರುಳಿಕೊಂಡು ಬಂದವು. ಒಂದೆರಡಲ್ಲ, ಇಳಿಜಾರು ಬೀದಿ ತುಂಬ, ಕುರಿಮಂದೆ ನುಗ್ಗಿದ ಹಾಗೆ. ಗಡಗಡ, ಗಡಗಡ. ಮಕ್ಕಳೆಲ್ಲ ಹೋ ಅಂತ ನುಗ್ಗಿ ಲಂಗಕ್ಕೆ ತುಂಬಿಕೊಂಡೆವು. ನಾನು ಮೂರು ಹಿಡಿದಿದ್ದೆ. ಅಂಥ ಖುಷಿ ಹುಟ್ಟಿದ ಮೇಲೆ ಕಂಡಿರಲಿಲ್ಲ, ಇದ್ದದ್ದನ್ನು ಹೇಳಬೇಕು.

ಆಮೇಲೆ ಯಾರೋ ಕೂಗಿದರು, "ಹೊನ್ನಮ್ಮ ಒಳ್ಗವ್ಳೆ! ಕರಿಯಣ್ಣ ಒಳ್ಗವ್ನೆ!"

ಬಾಗಿಲು ಹೊತ್ತವರು ಹೊತ್ತುಕೊಂಡೇ ನಿಂತಿದ್ದರು. ಸಾಹುಕಾರರು ಎರಡೂ ಕೈ ಮೇಲೆತ್ತಿ, "ಇಳಿಸ್ಬ್ಯಾಡಿ! ದಾರೀಲಿ ಇಳಿಸ್ಬಾರ್ದು! ನಡೀರಿ, ನಡೀರಿ!" ಅಂದರು. ಅಪ್ಪ ಅವರ ಮುಖ ನೋಡಿದ. ಹೆಗಲು ಕೊಡವಿ ಓಡಿದ. ಬಾಗಿಲು ಆ ಮೂಲೆಗೆ ವಾಲಿ ನೆಲಕ್ಕೆ ಬಿತ್ತು, ಮೇಲಿನ ಮರ ಸೀಳಿತು.

ತೆಗೆಯುವಷ್ಟರಲ್ಲಿ ಇಬ್ಬರೂ ಹೋಗಿದ್ದರು. ಚಿಕ್ಕವ್ವನ ಬಾಯಿ ತುಂಬ ಮಣ್ಣಿತ್ತು. ಅವಳ ಬಾಯಿ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಊರಿನ ಮಾತು ತಿರುಗಿಬಿಟ್ಟಿತು. ಮೇಸ್ತ್ರಿ ಲಕ್ಷ್ಮಿಯನ್ನು ಬೀದಿಗೆ ಬೀಳಿಸಿದ, ಅದಕ್ಕೇ ಗೋಡೆ ಬಿತ್ತು ಅಂದರು. ಮೊದಲು ಯಾರು ಅಂದರೋ ಗೊತ್ತಿಲ್ಲ. ಕಣ್ಣಾರೆ ಕಂಡವರೇ ಹಾಗಂದರು. ಹಾಗಂದರೆ ಎಲ್ಲರಿಗೂ ಅನುಕೂಲ. ಸಾಹುಕಾರರು ಕೀಳು ಅಂದದ್ದೂ ಇಲ್ಲ, ಅಯ್ಯನವರು ಮುಹೂರ್ತ ಇಟ್ಟದ್ದೂ ಇಲ್ಲ, ಅಟ್ಟದಲ್ಲಿ ಕಾಯಿ ಇದ್ದದ್ದೂ ಇಲ್ಲ. ನಮ್ಮಪ್ಪನ ಹೆಗಲೊಂದೇ ಉಳಿಯಿತು.

ಅರಸೀಕೆರೆಯಿಂದ ದಫೇದಾರರು ಬಂದು ಸಾಹುಕಾರರ ತಮ್ಮನ ಜಗಲಿ ಮೇಲೆ ಕೂತರು. ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರದೂ ಅದೇ ಹಾಡು. ಅಪ್ಪ ಕೆಳಗೆ ಕುಕ್ಕರುಗಾಲಲ್ಲಿ ಕೂತು ನೆಲ ನೋಡುತ್ತಿದ್ದ. ಎರಡು ಜೀವ ಅವನ ತಲೆಗೆ ಕಟ್ಟಿ ಕರೆದುಕೊಂಡು ಹೋಗುತ್ತಾರೆ ಅಂತ ನನಗೂ ಗೊತ್ತಾಯಿತು.

ಜನರ ಕಾಲ ಸಂದಿಯಲ್ಲಿ ನುಗ್ಗಿದೆ. "ಸುಳ್ಳು! ಗೋಡೆ ಮೊದ್ಲು ಬಿತ್ತು. ಕಾಯಿ ಉಳ್ಳಿದ್ವು. ಆಮ್ಯಾಕೆ ಅಪ್ಪ ಬಾಗ್ಲು ಬಿಟ್ಟ. ನಾನು ಕಾಯಿ ಎತ್ಕೊಂಡಿದ್ದೆ, ಆಗ್ಲೂ ಬಾಗ್ಲು ಅಪ್ಪನ ಹೆಗ್ಲ ಮ್ಯಾಲೇ ಇತ್ತು!"

"ಯಾರೇ ಇವ್ಳು?" ಅಂದರು ದಫೇದಾರರು.

"ಮೇಸ್ತ್ರಿ ಮಗ್ಳು ಸ್ವಾಮಿ, ಅದ್ಕೇ ಹಂಗಂತಾಳೆ," ಅಂದ ಸಾಹುಕಾರರ ಗುಮಾಸ್ತ.

"ನಿನ್ ಮಗೂನೂ ಕಾಯಿ ಎತ್ಕೊಂಡ್ ಓಡ್ತಲ್ಲ, ಅದುನ್ನೂ ಕೇಳು," ಅಂದೆ.

ಆಗ ಅಪ್ಪ ಎದ್ದು ನಿಂತ. ನಾನು ಹೇಳಿದ್ದು ಹೌದು ಅಂದುಬಿಟ್ಟು ಸುಮ್ಮನಾಗುತ್ತಾನೆ ಅಂದುಕೊಂಡಿದ್ದೆ. ಅವನು ಹಾಗೆ ಮಾಡಲಿಲ್ಲ. "ಬಾಗ್ಲು ಬಿದ್ದದ್ದು ಬಿಡಿ ಸ್ವಾಮಿ. ಮ್ಯಾಲೆ ಭಾರ ಐತೆ ಅಂತ ನಂಗೊತ್ತಿತ್ತು. ಆದ್ರೂ ನಾನು ಕಿತ್ತೆ. ಅವ್ರ್ಗೂ ಗೊತ್ತಿತ್ತು. ಆದ್ರೂ ಕೀಳು ಅಂದ್ರು. ಇಬ್ರ ಹೆಸ್ರೂ ಬರ್ಕೊಳ್ಳಿ."

"ಕಿತ್ತೋನು ನೀನೇ ತಾನೆ?"

"ನಾನೇ."

"ಸರಿ ಮತ್ತೆ," ಅಂದರು ದಫೇದಾರರು.

ಇಬ್ಬರನ್ನೂ ಒಂದೇ ಜೀಪಿನಲ್ಲಿ ಕರೆದುಕೊಂಡು ಹೋದರು. ಸಾಹುಕಾರರು ಮುಂದಿನ ಸೀಟು, ಅಪ್ಪ ಹಿಂದೆ ನೆಲದ ಮೇಲೆ. ದೀಪ ಹಚ್ಚುವ ಹೊತ್ತಿಗೆ ಸಾಹುಕಾರರು ಮನೆಗೆ ಬಂದರು. ಅಪ್ಪ ಬಂದದ್ದು ಮುಂದಿನ ಮಳೆಗಾಲಕ್ಕೆ. ಬಂದ ಮೇಲೆ ಮೇಸ್ತ್ರಿ ಕೆಲಸ ಹಿಡಿಯಲಿಲ್ಲ. ನನ್ನದು ತಪ್ಪಿಲ್ಲ ಅಂತ ಸಾಯುವವರೆಗೆ ಒಂದು ದಿನವೂ ಅನ್ನಲಿಲ್ಲ. ನನ್ನೊಬ್ಬನದೇ ಅಂತಲೂ ಅನ್ನಲಿಲ್ಲ.

ಈಗಲೂ ಕಟ್ಟಡ ಬೀಳುತ್ತವೆ, ಟಿವಿಯಲ್ಲಿ ನೋಡುತ್ತೇನೆ. ಮಾಲೀಕ ಕಂಟ್ರಾಕ್ಟರನ ಕಡೆ ಕೈ ತೋರಿಸುತ್ತಾನೆ, ಕಂಟ್ರಾಕ್ಟರ್ ಇಂಜಿನಿಯರ್ ಕಡೆ, ಇಂಜಿನಿಯರ್ ಮಳೆ ಕಡೆ. ಸತ್ತವರು ಎಲ್ಲಿಂದಲೋ ರೈಲು ಹತ್ತಿ ಬಂದವರು, ಅವರ ಹೆಸರು ಕೂಗಿ ಅಳುವವರು ಈ ಊರಿನಲ್ಲಿಲ್ಲ. ನಮ್ಮ ಕಾಲ ಬಲು ನ್ಯಾಯದ ಕಾಲ ಅಂತ ನಾನು ಹೇಳುವುದಿಲ್ಲ, ಮೇಲೆ ಬರೆದದ್ದನ್ನು ಓದಿದಿರಲ್ಲ. ಆದರೆ ಮಾಡಿಸಿದವನ ಮನೆ ಯಾವುದು ಅಂತ ಹತ್ತು ವರ್ಷದ ಹುಡುಗಿಗೂ ಗೊತ್ತಿತ್ತು. ಹೋಗಿ ಎದುರಿಗೆ ನಿಲ್ಲಬಹುದಿತ್ತು. ಈಗ ಯಾರ ಎದುರಿಗೆ ಹೋಗಿ ನಿಲ್ಲುತ್ತೀರಿ? ಕಂಪನಿಯ ಬೋರ್ಡಿನ ಎದುರಿಗೋ?

ನಾನು ನಿಂತೆ. ಗೋಡೆ ಬಿದ್ದ ಮಾರನೇ ದಿನ ಬೆಳಿಗ್ಗೆಯೇ ಗುಮಾಸ್ತ ನಮ್ಮ ಕೇರಿಗೆ ಬಂದು ಆಳು ಕರೆದ. ಅರ್ಧ ಗೋಡೆ, ಅರ್ಧ ಅಟ್ಟ ಇನ್ನೂ ನಿಂತಿತ್ತು, ಕಾಯಿ ಸಮೇತ. ಕೆಳಗೆ ಬಿದ್ದ ಕಾಯಿ ಮಣ್ಣಿನಲ್ಲಿ ಕೆಡುತ್ತದೆ, ಬೇಗ ಬನ್ನಿ ಅಂದ. ಅವ್ವ ಮೂಲೆ ಹಿಡಿದಿದ್ದಳು. ಬೇರೆ ಹೆಂಗಸರು ಮಂಕರಿ ಎತ್ತಿಕೊಂಡರು, ಹೊಟ್ಟೆಪಾಡು. ನಾನು ಅವರಿಗಿಂತ ಮುಂಚೆ ಓಡಿಹೋಗಿ ಬಾಗಿಲು ಕಿತ್ತ ಕಂಡಿಯ ಮುಂದೆ ಎರಡೂ ಕೈ ಅಗಲಿಸಿ ನಿಂತುಕೊಂಡೆ.

ಸಾಹುಕಾರರು ಬೀದಿಯಲ್ಲಿದ್ದರು. "ಸರ್ಕೊಳ್ಳೇ ಆಚೆಗೆ. ಏನೂ ಆಗಲ್ಲ," ಅಂದರು.

"ಏನೂ ಆಗ್ದಿದ್ರೆ ಮೊದ್ಲು ನೀವ್ ಬನ್ನಿ ಸಾವ್ಕಾರ್ರೇ. ನಿಮ್ ಹಿಂದ್ಗಡೆ ನಾವೆಲ್ಲ ಬತ್ತೀವಿ."

ಅವರು ಕತ್ತೆತ್ತಿ ಅಟ್ಟ ನೋಡಿದರು. ಕಾಲು ಎತ್ತಲಿಲ್ಲ. ಹೆಂಗಸರೆಲ್ಲ ಅವರು ನೋಡಿದ್ದನ್ನು ನೋಡಿದರು. ಒಬ್ಬೊಬ್ಬರಾಗಿ ಮಂಕರಿ ಬೋರಲು ಹಾಕಿ ಬೀದಿಯಲ್ಲೇ ಕೂತರು. ನಾನೂ ಹೋಗಿ ಅವರ ಮಧ್ಯೆ ಕೂತೆ.