ಬೀದಿಗೆಲ್ಲ ಮಾತು, ಒಬ್ಬಳಿಗೆ ಗುಳಿಗೆ

ಬೆಳಗಿನ ಐದೂವರೆ. ಲಾರಿ ನಿಲ್ದಾಣದ ನಲ್ಲಿಯ ಮುಂದೆ ಚಾಲಕರು ಹಲ್ಲುಜ್ಜುತ್ತಿದ್ದಾರೆ. ದೂರದಿಂದ ಓಡಿ ಬಂದ ಎಂಜಿನ್‌ಗಳ ಕಾವು ಇನ್ನೂ ಆರಿಲ್ಲ. ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡ, ಐವತ್ತರ ಹತ್ತಿರದ ಹೆಂಗಸೊಬ್ಬರು ಲಾರಿಗಳ ಸಂದಿಯಿಂದ ಬರುತ್ತಾರೆ. ಎದುರಿಗೆ ಸಿಕ್ಕವರನ್ನೆಲ್ಲ ಮಾತಾಡಿಸುತ್ತಾರೆ. ಟಯರಿಗೆ ಗಾಳಿ ತುಂಬುವವನ ಸೊಂಟನೋವು, ಚಹಾದಂಗಡಿಯ ಸೋರುವ ಸೂರು, ಯಾವುದನ್ನೂ ಬಿಡುವುದಿಲ್ಲ. ಇಲ್ಲಿ ಎಲ್ಲರಿಗೂ ಅವರು ‘ವಟವಟ ಅಕ್ಕ’.

ಬಾಯ್ತುಂಬ ನೊರೆ ಮಾಡಿಕೊಂಡ ಚಾಲಕನೊಬ್ಬ ದೂರದಿಂದಲೇ ಬೇಡವೆಂದು ಕೈಯಲ್ಲಾಡಿಸುತ್ತಾನೆ. “ಇವತ್ತು ನಿನ್ನ ಪೊಟ್ಟಣ ಬೇಡಕ್ಕಾ. ಸೀದಾ ಮನೆಗೆ ಹೊರಟಿದ್ದೀನಿ.”

“ಮನೆಗೆ ಹೋಗೋನಿಗೇ ಮೊದಲು ಪರೀಕ್ಷೆ ಬೇಕಾಗಿರೋದು. ಬ್ರೇಕು ನೋಡ್ದೆ ಲಾರಿ ತೆಗೀತೀಯಾ?”

“ನಂಗೇನಾಗಿದೆ? ಕಲ್ಲುಗುಂಡಿನ ಹಾಗಿದ್ದೀನಿ.”

“ಕಲ್ಲುಗುಂಡಿಗೆ ಸೂಜಿ ಚುಚ್ಚಿದ್ರೆ ನೋವಾಗಲ್ಲ, ಬಾ.”

ಸುತ್ತಲಿದ್ದವರು ಗೊಳ್ಳೆನ್ನುತ್ತಾರೆ. ಅವನು ಬಾಯಿ ಮುಕ್ಕಳಿಸಿ ಮೂಲೆಯ ತಗಡಿನ ಕೋಣೆಗೆ ಹೋಗುತ್ತಾನೆ. ಎಚ್‌ಐವಿ ಪರೀಕ್ಷೆಗೆ ಬೆರಳ ತುದಿಯ ಒಂದು ಹನಿ ರಕ್ತ, ಇಪ್ಪತ್ತು ನಿಮಿಷದ ಕಾಯುವಿಕೆ. ಆ ಬಾಗಿಲು ಮುಚ್ಚಿದ ಮೇಲೆ ವಟವಟ ಅಕ್ಕನ ಬಾಯಿಯೂ ಮುಚ್ಚುತ್ತದೆ. ಒಳಗಿನ ಒಂದು ಮಾತೂ ಹೊರಗೆ ಬರುವುದಿಲ್ಲ. ಹೋಗುವಾಗ ಅವನೇ ಕಾಂಡೋಮಿನ ಪೊಟ್ಟಣ ಕೇಳಿ ಜೇಬಿಗಿಳಿಸುತ್ತಾನೆ.

ಅಕ್ಕನ ಗಂಡನೂ ಲಾರಿ ಓಡಿಸುತ್ತಿದ್ದವರು. ಅವರು ಕೆಮ್ಮಿ ಕೆಮ್ಮಿ ಸೊರಗಿ ತೀರಿಕೊಂಡ ಮೇಲೆ ಇವರ ರಕ್ತ ಪರೀಕ್ಷಿಸಿದರು. ಎಚ್‌ಐವಿ ಇತ್ತು. “ಅವರಿಗೆ ಹೇಳೋರು ಒಬ್ರು ಇದ್ದಿದ್ರೆ ಅವರೂ ಇರ್ತಿದ್ರು, ನಂಗೂ ಬರ್ತಿರಲಿಲ್ಲ. ಅಳ್ತಾ ಎಷ್ಟು ದಿನ ಕೂರೋದು? ನಾನೇ ಹೇಳೋಕೆ ಹೊರಟೆ.”

ಹದಿನಾಲ್ಕು ವರ್ಷದಿಂದ ಅವರು ಗುಳಿಗೆ ತಪ್ಪಿಸಿಲ್ಲ. ತಪ್ಪದೆ ನುಂಗಿದರೆ ರೋಗಾಣು ಪರೀಕ್ಷೆಯ ಕಣ್ಣಿಗೂ ಬೀಳದಷ್ಟು ಅಡಗುತ್ತದೆ, ಗಂಡ ಹೆಂಡತಿ ಕೂಡಿದರೂ ಒಬ್ಬರಿಂದೊಬ್ಬರಿಗೆ ದಾಟುವುದಿಲ್ಲ ಎಂದು ಹೇಳಿಕೊಡುತ್ತಾರೆ. ಚಿಕ್ಕಂದಿನಲ್ಲಿ ಹೊಲದಲ್ಲಿ ದುಡಿದ ಕೈ, ಉಪಮೆಯೂ ಅಲ್ಲಿಂದಲೇ. “ಅದು ಕಳೆ ಇದ್ದ ಹಾಗೆ ಕಣ್ರೀ. ನಾಲ್ಕು ದಿನ ಕೈ ಬಿಟ್ರೆ ಮತ್ತೆ ಚಿಗುರುತ್ತೆ.” ನಾಲ್ಕು ಬೀದಿ, ಒಂದು ನಿಲ್ದಾಣ, ದಿನಕ್ಕೆ ಮೂವತ್ತು ಜನರೊಡನೆ ಮಾತು. ಗುಳಿಗೆ ತಪ್ಪದಂತೆ ಅವರು ಕಾಯುವುದು ನಲವತ್ತೆರಡು ಮನೆಗಳನ್ನು. ಡಬ್ಬಿಯೊಳಗೆ ಹತ್ತಿ ತುರುಕಿ ಕೊಡುವುದು ಅವರದೇ ಉಪಾಯ. “ಬಸ್ಸಲ್ಲಿ ಡಬ್ಬಿ ಗಲಗಲ ಅಂದ್ರೆ ಪಕ್ಕದೋರ ಕಿವಿ ನಿಗುರುತ್ತೆ.”

ಅಕ್ಕ ಮೊದಲಿನಿಂದಲೂ ಮಾತಿನ ಮಲ್ಲಿಯೇನಲ್ಲ. ಮೂರು ವರ್ಷದ ಹಿಂದಿನ ಒಂದು ತಪ್ಪು ಅವರನ್ನು ಹೀಗೆ ಮಾಡಿದೆ. ಆ ಮನೆಯವರೇ ‘ಹೇಳಿ’ ಎಂದಿರುವುದರಿಂದ ಈಗ ಬಾಯಿ ಬಿಡುತ್ತಾರೆ.

ಇಸ್ತ್ರಿ ಅಂಗಡಿಯ ಸೊಸೆ ಆಗ ಏಳು ತಿಂಗಳ ಬಸುರಿ. ಆಕೆಗೂ, ಲಾರಿಯ ಮೇಲೆ ಊರೂರು ಸುತ್ತುವ ಗಂಡನಿಗೂ ಗುಳಿಗೆ ನಡೆಯುತ್ತಿತ್ತು. ಅತ್ತೆಗೆ ತಿಳಿದಿರಲಿಲ್ಲ. ಅಕ್ಕನ ರೋಗವಂತೂ ಬೀದಿಗೆಲ್ಲ ಗೊತ್ತಿತ್ತು. ಒಂದು ದಿನ ಅಂಗಡಿಯ ಮುಂದೆ ಹಾಯುವಾಗ ಅಕ್ಕ ತಡೆಯಲಾರದೆ, “ಹೆಂಗಿದ್ದೀಯೇ ತಾಯಿ?” ಎಂದುಬಿಟ್ಟರು. ಅಷ್ಟೇ. ಇಡೀ ಬೀದಿಯಲ್ಲಿ ಅವರು ಮಾತಾಡಿಸಿದ್ದು ಆಕೆಯೊಬ್ಬಳನ್ನೇ.

“ಆ ರೋಗದೋಳಿಗೂ ನಿಂಗೂ ಏನೇ ಗುರುತು?” ಅತ್ತೆ ಗದರಿದರು. ಮರುವಾರ ಸೊಸೆ ಆಸ್ಪತ್ರೆಗೆ ಬರಲಿಲ್ಲ. ಆಕೆಯ ಡಬ್ಬಿಯಲ್ಲಿ ಉಳಿದದ್ದು ಐದು ದಿನದ ಗುಳಿಗೆ. ಅದು ಮುಗಿದರೆ ಹೊಟ್ಟೆಯಲ್ಲಿರುವ ಮಗುವಿಗೆ ರೋಗ ದಾಟುವ ಭಯ.

“ನಾಲಿಗೆ ಮಾಡಿದ ಗಾಯಕ್ಕೆ ನಾಲಿಗೇನೇ ಮದ್ದು ಅರೀಬೇಕು ಅಂದ್ಕೊಂಡೆ. ಎಲ್ಲರನ್ನೂ ಮಾತಾಡಿಸಿದ್ರೆ, ಯಾರ ಹತ್ರ ಏನು ಕೆಲಸ ಅಂತ ಯಾರಿಗೆ ಗೊತ್ತಾಗತ್ತೆ?” ಮರುದಿನದಿಂದ ಚಪ್ಪಲಿ ಹೊಲಿಯುವವರು, ಮೇಷ್ಟ್ರು, ಹಾಲಿನವರು, ಜಗಲಿಯ ಮೇಲಿನ ಅಜ್ಜಂದಿರು, ಯಾರನ್ನೂ ಬಿಡಲಿಲ್ಲ. ಮೂರನೆಯ ದಿನ ಅತ್ತೆಯನ್ನೇ ಮಾತಾಡಿಸಿ ಬಟ್ಟೆಯ ಗಂಟು ಇಟ್ಟರು. “ಐದು ಸೀರೆ ಅಮ್ಮಾ. ಸೊಸೆ ಕೈಲೇ ಮಾಡಿಸಿ, ಅವಳ ಮಡಿಕೆ ಚೆಂದ.” ಆಸ್ಪತ್ರೆಯ ನರ್ಸಮ್ಮನನ್ನು ಕೇಳಿ ತಂದ ಗುಳಿಗೆಯ ಡಬ್ಬಿ ಮೂರನೆಯ ಸೀರೆಯ ಮಡಿಕೆಯಲ್ಲಿತ್ತು.

ಗಂಟನ್ನು ಬಿಚ್ಚಿದ್ದು ಸೊಸೆಯಲ್ಲ, ಅತ್ತೆ. ಒಂದು, ಎರಡು ಎಂದು ಎಣಿಸಿದರು. ಮೂರರ ಮೇಲೆ ಕೈ ನಿಂತಿತು. ಒತ್ತಿ ನೋಡಿದರು. ಅಕ್ಕನ ಮುಖ ನೋಡಿದರು. ಸೊಸೆಯ ಹೊಟ್ಟೆಯನ್ನು ಬಹಳ ಹೊತ್ತು ನೋಡಿದರು.

“ಐದಿದೆ” ಎಂದು ಗಂಟನ್ನು ಹಾಗೆಯೇ ಸೊಸೆಯ ಮುಂದೆ ಸರಿಸಿ ಅಕ್ಕನತ್ತ ತಿರುಗಿದರು. “ತಿಂಗಳು ತಿಂಗಳೂ ತಂದ್ಕೊಡು. ತಪ್ಪಿಸೀಯ ಮತ್ತೆ.”

ಹೆಣ್ಣುಮಗು ಹುಟ್ಟಿತು. ಅದಕ್ಕೆ ಆರು ವಾರ ಔಷಧದ ಹನಿ, ತಾಯಿಗೆ ತಪ್ಪದ ಗುಳಿಗೆ. ಹದಿನೆಂಟನೆಯ ತಿಂಗಳಿಗೆ ಕೊನೆಯ ಪರೀಕ್ಷೆ: ಮಗುವಿಗೆ ಎಚ್‌ಐವಿ ಇಲ್ಲ. ಅಂದು ಸಂಜೆ ತುಂಬಿದ ಬೀದಿಯಲ್ಲಿ ಅತ್ತೆ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಕೂಗಿದರು: “ಏ ವಟವಟ! ಬಾರೇ ಇಲ್ಲಿ, ನನ್ನ ಮೊಮ್ಮಗಳನ್ನ ಎತ್ಕೋ!” ಬೀದಿಗೆ ಬೀದಿಯೇ ತಿರುಗಿ ನೋಡಿತು.

ಬಿಸಿಲೇರುತ್ತಿದೆ. ಇನ್ನೊಂದು ಲಾರಿ ಬಂದು ನಿಲ್ಲುತ್ತದೆ. ಅಕ್ಕ ಚಹಾದ ಲೋಟ ಕೆಳಗಿಟ್ಟು, ಚೀಲ ಹೆಗಲಿಗೇರಿಸಿಕೊಳ್ಳುತ್ತಾರೆ. ಇನ್ನೇನು ಆಸೆ ಅಕ್ಕಾ ಎಂದರೆ ತಿರುಗದೆಯೇ ಹೇಳುತ್ತಾರೆ:

“ನಲವತ್ತೆರಡು ಮನೇಲಿ ಒಂದು ಮನೆಯೋರು ಬೀದೀಲಿ ನನ್ನ ಕೂಗಿ ಕರೆದಿದ್ದಾರೆ. ಇನ್ನೂ ನಲವತ್ತೊಂದು ಮನೆ ಇದೆಯಲ್ಲಪ್ಪ.”